ನಿನ್ನೆ ತಾನೆ ಬಂದವಳು

ಇಸ್ತ್ರಿಯಣ್ಣನಿಗೆ ನಿಂತಲ್ಲೇ ನಿದ್ದೆ ಮಾಡುವ ವಿದ್ಯೆ ಒಲಿದಿತ್ತು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ, ಬುಸುಗುಡುವ ಹಬೆಯ ಯಂತ್ರಗಳ ನಡುವೆ, ಯಾರೋ ಮಲಗೆದ್ದ ಬೆಡ್‌ಶೀಟುಗಳನ್ನು ಇನ್ಯಾರೋ ಮಲಗಲೆಂದು ಇಸ್ತ್ರಿ ಮಾಡುತ್ತ ಮಾಡುತ್ತ ಕಲಿತ ವಿದ್ಯೆ ಅದು. ಕೈ ತನ್ನ ಪಾಡಿಗೆ ಅಂಚಿನಿಂದ ಅಂಚಿಗೆ ಹೋಗಿಬರುತ್ತಿತ್ತು, ರೆಪ್ಪೆ ತನ್ನ ಪಾಡಿಗೆ ಇಳಿಯುತ್ತಿತ್ತು. ಬಟ್ಟೆ ಸುಟ್ಟದ್ದು ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲ. ಹಾಗಾಗಿ ಬ್ಯಾಂಕಿನ ಸಾಲದ ವಿಭಾಗದಲ್ಲಿ, ಗಾಜಿನ ಗೋಡೆಗೆ ಭುಜ ಆನಿಸಿ ಅವನು ಕಣ್ಣು ಮುಚ್ಚಿಕೊಂಡಿದ್ದರೂ, ತನ್ನ ಸರದಿ ಬಂದದ್ದು ಅವನಿಗೆ ತಿಳಿಯಿತು.

"ಬನ್ನಿ, ಕೂತ್ಕೊಳ್ಳಿ," ಎಂದರು ಸಾಲದ ಮೇಡಂ.

ಅವನು ಕುರ್ಚಿಯ ತುದಿಯಲ್ಲಿ ಕೂತ. ಈವರೆಗೆ ಬಂದಾಗಲೆಲ್ಲ ನಿಂತೇ ಮಾತು ಮುಗಿಯುತ್ತಿತ್ತು. ಇನ್ನೊಂದು ಕಾಗದ ಬೇಕು, ಈ ಕಾಗದದ ಮೇಲೆ ಹೋಟೆಲಿನ ಮೊಹರು ಬೇಕು, ಮೊಹರು ನೀಲಿಯಲ್ಲಿರಬೇಕು ಎಂದು ಹೇಳಿ ಕಳಿಸುತ್ತಿದ್ದರು. ಅವನೂ ತಲೆಯಾಡಿಸಿ ಹೋಗಿ, ತಂದುಕೊಡುತ್ತಿದ್ದ. ಕೂರಿಸಿ ಹೇಳುವಂಥದ್ದು ಒಳ್ಳೆಯ ಸುದ್ದಿಯಾಗಿರಲಾರದು.

"ನಿಮ್ಮ ವೆರಿಫಿಕೇಶನ್ ನೆಗೆಟಿವ್ ಬಂದಿದೆ."

"ಅಂದ್ರೆ ಮೇಡಂ?"

"ನೀವು ಕೊಟ್ಟ ಅಡ್ರೆಸ್ಸಿಗೆ ನಮ್ಮೋರು ಹೋಗಿದ್ರು, ಅಲ್ಲಿ ನಿಜವಾಗ್ಲೂ ಇದೀರಾ ಅಂತ ನೋಡೋದಕ್ಕೆ. ನೀವು ಅಲ್ಲಿ ಇರೋದು ಖಾತ್ರಿಯಾಗಿಲ್ಲ ಅಂತ ಬರೆದಿದಾರೆ."

"ಅಲ್ಲೇ ಇದೀನಲ್ಲ ಮೇಡಂ. ಮದುವೆಯಾದಾಗಿಂದ ಅಲ್ಲೇ ಇದೀನಿ."

ಮೇಡಂ ಕನ್ನಡಕ ಸರಿಮಾಡಿಕೊಂಡು ಕಂಪ್ಯೂಟರಿನ ಪರದೆ ನೋಡಿದರು. "ಮನೇಲಿ ಒಬ್ರು ವಯಸ್ಸಾದ ಹೆಂಗಸಿದ್ರಂತೆ. ನಿಮ್ಮ ಹೆಸರು ಹೇಳಿ ಏನಾಗ್ಬೇಕು ಅಂತ ಕೇಳಿದ್ದಕ್ಕೆ, 'ದೂರದ ಸಂಬಂಧ, ನಾನು ನಿನ್ನೆ ತಾನೆ ಬಂದೋಳು, ಇಲ್ಲಿ ಯಾರಿದಾರೆ ಯಾರಿಲ್ಲ ನಂಗೇನು ಗೊತ್ತು' ಅಂದ್ರಂತೆ. ಯಾರವರು?"

ಇಸ್ತ್ರಿಯಣ್ಣನಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು.

"ನಮ್ಮಮ್ಮ," ಎಂದ.

ಪಕ್ಕದ ಮೇಜಿನವನು ಬರೆಯುವುದನ್ನು ಬಿಟ್ಟು ತಿರುಗಿ ನೋಡಿದ. "ಹೆತ್ತ ತಾಯಿ ನಿಮ್ಮನ್ನ ದೂರದ ಸಂಬಂಧ ಅಂತಾರಾ?"

"ಒಂದೊಂದ್ಸಲ," ಎಂದ ಇಸ್ತ್ರಿಯಣ್ಣ. ಪಕ್ಕದವನು ಗೊಳ್ಳೆಂದು ನಕ್ಕ. ಮೇಡಂ ಕೂಡ ತುಟಿ ಕಚ್ಚಿ ನಗು ತಡೆದರು. ಆ ನಗುವಿನಿಂದಲೇ ಏನೋ, ಅವರು ಕಡತ ಮುಚ್ಚಲಿಲ್ಲ. ಇನ್ನೊಂದು ಸಲ ಕಳಿಸುತ್ತೇನೆ, ಇದೇ ಕೊನೆ ಎಂದರು. ಮೊದಲ ಸಲ ನೆಗೆಟಿವ್ ಬಂದರೆ ಎರಡನೇ ಸಲ ಮನೆ ಮಾಲೀಕರನ್ನೂ ಕೇಳುವುದು ಕಡ್ಡಾಯ, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಅವರ ಬಾಯಿಂದಲೂ ಬರಬೇಕು, ಅರ್ಜಿಯಲ್ಲಿ ಬರೆದದ್ದಕ್ಕೂ ಅದಕ್ಕೂ ತಾಳೆಯಾಗಬೇಕು ಎಂದು ಸೇರಿಸಿದರು.

ಅರ್ಜಿಯಲ್ಲಿ ಅವನು ನಾಲ್ಕು ಜನ ಎಂದು ಬರೆದಿದ್ದ. ಹೆಂಡತಿ, ಮಗಳು, ತಾಯಿ, ತಾನು. ಬಾಡಿಗೆ ಕರಾರಿನಲ್ಲಿದ್ದದ್ದು ಮೂರು.

*

ಆ ಒಂದು ತಲೆಯ ವ್ಯತ್ಯಾಸದ ಕತೆ ಹೀಗೆ. ಅವರಿದ್ದದ್ದು ಎರಡಂತಸ್ತಿನ ಮನೆಯ ಮೇಲ್ಭಾಗದಲ್ಲಿ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಹತ್ತಿದವರ ತೂಕವನ್ನು ಬೀದಿಗೆಲ್ಲ ಸಾರುವಂಥದ್ದು. ಕೆಳಗೆ ಓನರಮ್ಮ ಮತ್ತು ಅವರ ಗಂಡ. ಆ ಯಜಮಾನರಿಗೆ ನೀರಿನದೇ ಚಿಂತೆ. ಮೂರೇ ಜನ, ನಾಲ್ಕನೆಯವರು ಬಂದರೆ ಮನೆ ಖಾಲಿ ಎಂದು ಮೊದಲ ದಿನವೇ ಖಡಾಖಂಡಿತ ಹೇಳಿಬಿಟ್ಟಿದ್ದರು.

ಮಗಳು ಹುಟ್ಟಿದಾಗ ಬಾಣಂತಿಯನ್ನು ನೋಡಿಕೊಳ್ಳಲು ಅಮ್ಮ ಬಂದಳು. ಕೈಯಲ್ಲೊಂದು ಸಣ್ಣ ಸೂಟ್‌ಕೇಸು. ಮರುದಿನ ಮೆಟ್ಟಿಲ ಬುಡದಲ್ಲಿ ಓನರಮ್ಮ ಎದುರಾಗಿ, "ಯಾವಾಗ ಬಂದ್ರಿ?" ಎಂದರು. "ನಿನ್ನೆ ತಾನೆ ಬಂದೆ," ಎಂದಳು ಅಮ್ಮ. ಅದು ನಿಜವೇ ಆಗಿತ್ತು. ಆಮೇಲೆ ಅಮ್ಮನ ತಂಗಿಯ ಮನೆಯ ಮೂಲೆಯೊಂದರಲ್ಲಿದ್ದ ಅವಳ ಜಾಗ ಆ ತಂಗಿಯ ಸೊಸೆಗೆ ಬೇಕಾಯಿತು. ಅಮ್ಮ ಹಿಂದಕ್ಕೆ ಹೋಗಲಿಲ್ಲ. ಆದರೆ ಆ ಮಾತು ಮಾತ್ರ ಹಾಗೇ ಉಳಿದುಕೊಂಡಿತು. ಓನರಮ್ಮ ಕೇಳಿದಾಗಲೆಲ್ಲ ಅವಳು ನಿನ್ನೆ ತಾನೆ ಬಂದವಳು. ಸೂಟ್‌ಕೇಸು ಬಾಗಿಲ ಪಕ್ಕದಲ್ಲೇ, ಈಗಷ್ಟೇ ಇಳಿಸಿದ ಹಾಗೆ. ಚಪ್ಪಲಿ ಒಳಗೆ, ಮಂಚದ ಕೆಳಗೆ. ಅವಳ ಬಟ್ಟೆಗಳು ಬಿಸಿಲನ್ನೇ ಕಂಡಿರಲಿಲ್ಲ. ಬಚ್ಚಲಮನೆಯ ಹಗ್ಗದಲ್ಲಿ ಮುಗ್ಗಲು ವಾಸನೆ ಹಿಡಿದು ಒಣಗುತ್ತಿದ್ದವು. ಯಜಮಾನರ ಮುಖ ಗಂಟಿಕ್ಕಿದ ಹಾಗೆ ಕಂಡರೆ, ಸೂಟ್‌ಕೇಸು ಹಿಡಿದು, ಇಡೀ ಬೀದಿಗೆ ಕೇಳುವಂತೆ "ಹೋಗ್ಬರ್ತೀನಮ್ಮಾ" ಎಂದು ಓನರಮ್ಮನಿಗೆ ಹೇಳಿ ತಂಗಿಯ ಮನೆಗೆ ಹೊರಡುತ್ತಿದ್ದಳು. ನಾಲ್ಕು ದಿನ ಬಿಟ್ಟು ಮತ್ತೆ ನಿನ್ನೆ ಬಂದವಳಾಗುತ್ತಿದ್ದಳು.

ಸುಳ್ಳು ಅವಳಿಗೆ ಹೊಸದೇನೂ ಆಗಿರಲಿಲ್ಲ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುತ್ತ ಅರ್ಧ ಆಯುಸ್ಸು ಕಳೆದವಳು. ಡಾಕ್ಟರು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರೂ, ಕೆನ್ನೆ ಊದಿಸಿಕೊಂಡು ಕೂತವರಿಗೆ "ದಾರೀಲಿದಾರೆ, ಈಗ ಬಂದ್ಬಿಡ್ತಾರೆ" ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದವಳು. ಆ ಕೆಲಸ ಬಿಟ್ಟಮೇಲೆ ಮಗನ ಮನೆಯಲ್ಲಿ ತನ್ನ ಕಸುಬು ಮುಂದುವರಿಸಿದ್ದಳು, ಅಷ್ಟೆ.

ಈ ಬಾಳು ಸಾಕಾಗಿಯೇ ಇಸ್ತ್ರಿಯಣ್ಣ ಮನೆ ಕೊಳ್ಳಲು ಹೊರಟದ್ದು. ಬಸ್ಸು ತಿರುಗಿಕೊಳ್ಳುವ ಕೊನೆಯ ನಿಲ್ದಾಣದ ಹಿಂದೆ, ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಒಬ್ಬರು ನಿಂತರೆ ಇನ್ನೊಬ್ಬರು ಒಳಗೆ ಬರಬೇಕಾದಷ್ಟು ಅಗಲದ ಬಾಲ್ಕನಿ. ಮಾರುತ್ತಿದ್ದವರು ಕೆಲಸದಿಂದ ನಿವೃತ್ತರಾದ ಒಬ್ಬ ನರ್ಸು. ಮೆಟ್ಟಿಲು ಹತ್ತಲಾರದೆ ಅಕ್ಕನ ಮನೆಗೆ ಹೊರಟಿದ್ದರು. "ಈ ತಿಂಗಳ ಕೊನೆವರೆಗೆ ನಿಮಗೋಸ್ಕರ ಕಾಯ್ತೀನಿ," ಎಂದಿದ್ದರು. "ಅಷ್ಟರಲ್ಲಿ ಬ್ಯಾಂಕಿನವರು ಹೂಂ ಅನ್ನದಿದ್ರೆ ಬೇರೆಯವರಿಗೆ ಕೊಡ್ತೀನಿ. ಮುಂಗಡ ವಾಪಸ್ ಕೇಳ್ಬೇಡಿ, ಆಮೇಲೆ ನಿಷ್ಠುರ ಆಗ್ಬಾರದು." ಗಂಡ ಹೆಂಡತಿ ಇಬ್ಬರೂ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದೆಲ್ಲ ಆ ಮುಂಗಡದಲ್ಲಿ ಕೂತಿತ್ತು. ತಿಂಗಳಿನ ಅರ್ಧ ಆಗಲೇ ಕಳೆದಿತ್ತು.

*

ಸಂಜೆ ಅವನು ಮನೆ ಮುಟ್ಟಿದಾಗ ಹೆಂಡತಿ ಆಗಷ್ಟೇ ಬಂದು ಗೋಡೆಗೊರಗಿ ಕೂತಿದ್ದಳು. ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಜನರಿಗೆ ರಿಪೋರ್ಟು ಕೊಡುವ ಕೆಲಸ ಅವಳದು. ಮಗಳು ಪುಟ್ಟಿ ನೆಲದ ಮೇಲೆ ಬೋರಲು ಮಲಗಿ ಹೋಂವರ್ಕ್ ಮಾಡುತ್ತಿತ್ತು. ಅಮ್ಮ ಒಲೆಯ ಮುಂದೆ.

"ನೆಗೆಟಿವ್ ಬಂದಿದೆಯಂತೆ," ಎಂದ.

"ಒಳ್ಳೇದಾಯ್ತಲ್ಲ," ಎಂದಳು ಹೆಂಡತಿ ಕಣ್ಣು ತೆರೆಯದೆ. ದಿನವಿಡೀ ಆಡಿದ ಮಾತು ತಾನಾಗಿಯೇ ಹೊರಬಂದಿತ್ತು. ಆಮೇಲೆ ಕಣ್ಣು ತೆರೆದು, "ಏನು? ಯಾವುದು?" ಎಂದು ಎದ್ದು ಕೂತಳು.

ಅವನು ನಡೆದದ್ದನ್ನು ಹೇಳಿದ. ದೂರದ ಸಂಬಂಧ ಎಂಬ ಮಾತು ಬಂದಾಗ ದನಿ ತಗ್ಗಿಸಿದ. ಆದರೂ ಅಮ್ಮನಿಗೆ ಕೇಳಿಸಿತು. ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

"ಆ ಹೆಲ್ಮೆಟ್ಟಿನವನಾ? ಅವನು ಬ್ಯಾಂಕಿನವನಾ? ಕೆಳಗಿನ ಯಜಮಾನರೇ ಕಳಿಸಿದಾರೆ ಅನ್ಕೊಂಡೆನಲ್ಲೋ! ಎಷ್ಟು ಜನ ಇದೀರಾ, ಎಷ್ಟು ವರ್ಷದಿಂದ ಇದೀರಾ ಅಂತ ಪೊಲೀಸಿನ ಹಾಗೆ ಕೇಳಿದ. ನಾನೂ ಬಿಡ್ಲಿಲ್ಲ."

"ಬಿಡಬೇಕಿತ್ತು ಅತ್ತೆ," ಎಂದಳು ಸೊಸೆ. "ಒಂದು ಮಾತು ಫೋನ್ ಮಾಡಿ ಕೇಳಬಾರದಿತ್ತಾ? ಮಗ ಅನ್ನೋದನ್ನೂ ನುಂಗ್ಬಿಡೋದಾ?"

"ನೀವೇ ಅಲ್ವೇನೇ ಹೇಳ್ಕೊಟ್ಟಿದ್ದು, ಯಾರು ಕೇಳಿದ್ರೂ ಬಾಯಿ ಬಿಡ್ಬೇಡಿ ಅಂತ?"

"ಓನರಮ್ಮನಿಗೆ ಅಂತ ಹೇಳಿದ್ದು!"

"ಕೇಳೋರ ಮುಖದ ಮೇಲೆ ಬರೆದಿರುತ್ತಾ, ಇವನು ಓನರ್ ಕಡೆಯವನು, ಇವನು ಬ್ಯಾಂಕಿನ ಕಡೆಯವನು ಅಂತ?"

ಮಾತಿಗೆ ಮಾತು ಬೆಳೆಯಿತು. ಇಸ್ತ್ರಿಯಣ್ಣನಿಗೆ ಯಾರ ಪಕ್ಷ ವಹಿಸುವುದಕ್ಕೂ ತ್ರಾಣವಿರಲಿಲ್ಲ. ಇಬ್ಬರದೂ ಸರಿ. ಇಬ್ಬರೂ ದಣಿದಿದ್ದರು; ದಣಿದವರ ಜಗಳಕ್ಕೆ ಕಾವು ಕಡಿಮೆ, ಉದ್ದ ಹೆಚ್ಚು. ಕೊನೆಗೆ ಒಲೆಯ ಮೇಲಿದ್ದದ್ದು ತಳಹಿಡಿದ ವಾಸನೆ ಬಂದು ಅಮ್ಮ ಒಳಗೋಡಿದಳು. ಜಗಳ ಅಲ್ಲಿಗೆ ನಿಂತಿತು.

ಊಟವಾದ ಮೇಲೆ ಅವಳು ಮಗನ ಪಕ್ಕ ಬಂದು ಕೂತಳು. "ಮತ್ತೆ ಬರ್ತಾನಲ್ಲ, ಆಗ ಏನು ಹೇಳ್ಬೇಕು? ಸರಿಯಾಗಿ ಹೇಳ್ಕೊಡು."

"ನಿಜ ಹೇಳಮ್ಮ, ಸಾಕು."

"ನಿಜ ಅಂದ್ರೆ ಯಾವುದು?" ಅವಳು ತಮಾಷೆ ಮಾಡುತ್ತಿರಲಿಲ್ಲ. "ನಾನು ಇಲ್ಲೇ ಇದೀನಿ ಅಂತ ಹೇಳ್ಬೇಕಾ?"

"ಹೂಂ."

"ಓನರಮ್ಮ ಜೊತೇಲಿರ್ತಾರಲ್ಲ."

"ಇರ್ತಾರೆ."

"ಆಮೇಲೆ ಬ್ಯಾಂಕಿನವರು ಇಲ್ಲ ಅಂದ್ಬಿಟ್ರೆ? ಆ ಮನೆಯೂ ಇಲ್ಲ, ಈ ಮನೆಯೂ ಇಲ್ಲ."

ಅದೇ ಲೆಕ್ಕವನ್ನು ಅವನು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಮಾಡಿಕೊಂಡೇ ಬಂದಿದ್ದ. "ಬೇಕಾದ್ರೆ ನಾನು ತಂಗಿ ಮನೆಗೆ ಹೋಗಿರ್ತೀನಿ," ಎಂದಳು ಅಮ್ಮ. "ಮೂರೇ ಜನ ಅಂತ ಹೇಳಿ."

"ಅರ್ಜೀಲಿ ನಾಲ್ಕು ಅಂತ ಬರ್ದಿದೀನಿ."

"ಯಾಕೆ ಬರ್ದೆ?"

ಅವನಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. "ಯಾಕೆ ಅಂದ್ರೆ? ನಾಲ್ಕು ಜನ ಇದೀವಿ, ಅದಕ್ಕೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

*

ಹೆಲ್ಮೆಟ್ಟಿನವನು ಬರುವ ದಿನ ಇಸ್ತ್ರಿಯಣ್ಣ ಅರ್ಧ ದಿನ ರಜೆ ಹಾಕಿದ. ಲಾಂಡ್ರಿಯ ಮೇಲ್ವಿಚಾರಕ "ಏನಪ್ಪಾ, ಮನೆ ಕಟ್ಟಿಸ್ತಿದೀಯೋ, ಅರಮನೆಯೋ? ವಾರಕ್ಕೆರಡು ಸಲ ರಜೆ," ಎಂದು ಚುಚ್ಚಿಯೇ ಸಹಿ ಹಾಕಿದ.

ಅಮ್ಮ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ. ಒಗೆದಿಟ್ಟ ಬಟ್ಟೆಯನ್ನೇ ಮತ್ತೆ ಮಡಚಿಟ್ಟಳು. ಕಬ್ಬಿಣದ ಮೆಟ್ಟಿಲು ಗಣಗಣ ಎಂದಾಗ ಇಬ್ಬರೂ ಬಾಗಿಲ ಕಡೆ ನೋಡಿದರು. ಹಗುರ ಹೆಜ್ಜೆಯೊಂದು ಮುಂದೆ, ಭಾರದ ಹೆಜ್ಜೆಯೊಂದು ಹಿಂದೆ. ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡವನ ಹಿಂದೆ ಓನರಮ್ಮ ಏದುಸಿರು ಬಿಡುತ್ತ ಬಂದು ಹೊಸಿಲಲ್ಲೇ ನಿಂತರು.

ಅವನು ಮೊದಲು ಇಸ್ತ್ರಿಯಣ್ಣನ ಮುಖ, ಗುರುತಿನ ಚೀಟಿ, ಬಾಗಿಲ ಸಂಖ್ಯೆ ನೋಡಿದ. ಆಮೇಲೆ ಅಮ್ಮನ ಕಡೆ ತಿರುಗಿದ. "ಹೋದ ಸಲ ನೀವೇ ಅಲ್ವಾ ಅಜ್ಜಿ ಇದ್ದಿದ್ದು? ಇವರು ಯಾರು?"

"ನಾನು ನಿನ್ನೆ..." ಎಂದಳು ಅಮ್ಮ. ಬಾಯಿ ತನ್ನಷ್ಟಕ್ಕೆ ತಾನೇ ಶುರುಮಾಡಿಬಿಟ್ಟಿತ್ತು. ಇಸ್ತ್ರಿಯಣ್ಣ ಕಣ್ಣು ಮುಚ್ಚಿಕೊಂಡ. ಕೆಳಗೆ ಯಾರೋ ಬಕೆಟ್ಟು ಎಳೆದ ಸದ್ದು ಕೇಳಿಸಿತು.

"ನಿನ್ನೆ ಅಲ್ಲ," ಎಂದಳು ಅವಳು. "ಇವನು ನನ್ನ ಮಗ. ನಾನು ಇವನ ತಾಯಿ. ಇಲ್ಲೇ ಇರೋದು ನಾನು. ಇವನ ಮಗಳು ಹುಟ್ಟಿದಾಗಿಂದ ಇಲ್ಲೇ ಇದೀನಿ."

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಾಗಿತ್ತು. ಆದರೆ ಇಷ್ಟು ವರ್ಷ ಅದುಮಿಟ್ಟದ್ದು ಒಂದು ಮಾತಿಗೆ ಮುಗಿಯುವಂಥದ್ದಾಗಿರಲಿಲ್ಲ. ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು ಬಕೆಟ್ ತುಂಬಿಸುತ್ತೇನೆ, ಕೆಳಗೆ ಸದ್ದು ಕೇಳಬಾರದು ಎಂದಳು. ಕೆಮ್ಮು ಬಂದರೆ ತಲೆದಿಂಬಿಗೆ ಬಾಯಿ ಒತ್ತಿಕೊಳ್ಳುತ್ತೇನೆ ಎಂದಳು. ಮೊಮ್ಮಗಳ ಶಾಲೆಯಲ್ಲಿ ಅಜ್ಜಿಯರ ದಿನ ಅಂತ ಕರೆದಾಗ ಓನರಮ್ಮ ಮಲಗುವ ಹೊತ್ತು ನೋಡಿ ಮೆಟ್ಟಿಲಿಳಿದೆ, ಬರಿಗಾಲಲ್ಲಿ ಎಂದಳು. ಅದು ಇಸ್ತ್ರಿಯಣ್ಣನಿಗೇ ಗೊತ್ತಿರಲಿಲ್ಲ. ಅವನು ಅವಳ ಪಾದಗಳನ್ನು ನೋಡಿದ. ಹಿಮ್ಮಡಿ ಒಡೆದಿತ್ತು.

"ಇಷ್ಟೆಲ್ಲಾ ಬೇಡ ಅಜ್ಜಿ," ಎಂದ ಹೆಲ್ಮೆಟ್ಟಿನವನು ಮುಜುಗರದಿಂದ. "ಇದಾರೆ ಅಂತ ಬರ್ಕೊಳ್ಳೋಕೆ ಇಷ್ಟೇ ಇಷ್ಟು ಜಾಗ ಇರೋದು." ಆಮೇಲೆ ಓನರಮ್ಮನ ಕಡೆ ತಿರುಗಿದ. "ಹೌದಾ ಮೇಡಂ? ನಾಲ್ಕು ಜನಾನಾ?"

ಓನರಮ್ಮ ಅಮ್ಮನನ್ನೇ ನೋಡುತ್ತಿದ್ದರು. "ಹೂಂ," ಎಂದರು ಕೊನೆಗೆ. "ನಾಲ್ಕು ಜನ."

ಅವನು ಫೋನಿನಲ್ಲಿ ಬಾಗಿಲಿನ ಫೋಟೋ ತೆಗೆದುಕೊಂಡು, ಮೆಟ್ಟಿಲನ್ನು ಗಣಗಣಿಸುತ್ತ ಇಳಿದುಹೋದ.

ಓನರಮ್ಮ ಕೇಳದೆಯೇ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತರು. "ನೀರಿನ ಮೋಟಾರ್ ಹಾಕೋಳು ನಾನು," ಎಂದರು. "ಮೂರು ಜನರ ನೀರು ಎಷ್ಟು, ನಾಲ್ಕು ಜನರದು ಎಷ್ಟು ಅಂತ ನಂಗೊತ್ತಿಲ್ವಾ? ನೀವು ಬಂದೆ ಅಂದ್ರಿ, ನಾನು ಹೂಂ ಅಂದೆ. ಹೋಗ್ತೀನಿ ಅಂದ್ರಿ, ಹುಷಾರಾಗಿ ಹೋಗ್ಬನ್ನಿ ಅಂದೆ. ನಿಮಗೂ ನಡೀತಿತ್ತು, ನಂಗೂ ನಡೀತಿತ್ತು."

"ತಪ್ಪಾಯ್ತು," ಎಂದಳು ಅಮ್ಮ.

"ತಪ್ಪು ಒಪ್ಪು ಹಾಗಿರಲಿ. ಗೊತ್ತಿದ್ದೂ ಸುಮ್ಮನಿರೋದು ಬೇರೆ. ಈಗ ಹೊರಗಿನವನೊಬ್ಬನ ಎದುರಿಗೆ ನೀವು ಬಾಯಿಬಿಟ್ಟು ಹೇಳಿದ್ರಿ, ನಾನು ಬಾಯಿಬಿಟ್ಟು ಹೂಂ ಅಂದೆ. ಕೆಳಗೆ ನಮ್ಮ ಯಜಮಾನರು ಕಿಟಕಿ ಹತ್ರ ಕೂತಿದಾರೆ. ಈ ಮನೆ ಗೋಡೆಗಳೇನು ದಪ್ಪವಾ?" ಅವರು ಎದ್ದರು. ಮೊಣಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. "ಖಾಲಿ ಮಾಡ್ಸು ಅಂತಾರೆ. ಮುಂದಿನ ತಿಂಗಳವರೆಗೆ ಹೇಗೋ ತಳ್ತೀನಿ. ಅದಕ್ಕಿಂತ ಆಚೆ ನನ್ನ ಕೈಲಾಗಲ್ಲ."

ಅವರು ಇಳಿದುಹೋದ ಮೇಲೆ ಇಸ್ತ್ರಿಯಣ್ಣ ಬೂಟು ಹಾಕಿಕೊಂಡ. ಅವನಿಗೆ ಮಧ್ಯಾಹ್ನದ ಪಾಳಿಗೆ ಹೊತ್ತಾಗಿತ್ತು.

*

ಆಮೇಲಿನ ದಿನಗಳು ಒಂದರ ಹಾಗೇ ಇನ್ನೊಂದು. ಹೋಟೆಲಿನಲ್ಲಿ ಮದುವೆಗಳ ಹಂಗಾಮು. ಮೇಜುಬಟ್ಟೆಗಳು ಗುಡ್ಡೆಗುಡ್ಡೆಯಾಗಿ ಬಂದು ಬೀಳುತ್ತಿದ್ದವು. ಫೋನು ಒಳಗೆ ಒಯ್ಯುವಂತಿರಲಿಲ್ಲ, ಬೀಗದ ಪೆಟ್ಟಿಗೆಯಲ್ಲಿಡಬೇಕು. ಊಟದ ಬಿಡುವಿನಲ್ಲಿ ಓಡಿಹೋಗಿ ನೋಡಿದರೆ ಹೆಂಡತಿಯದೇ ಕರೆ. "ಬಂತಾ?" ಎನ್ನುತ್ತಿದ್ದಳು. "ಇಲ್ಲ," ಎನ್ನುತ್ತಿದ್ದ. ನರ್ಸಮ್ಮನೂ ಒಮ್ಮೆ ಫೋನ್ ಮಾಡಿ, "ನಾನು ಅವಸರ ಮಾಡ್ತಿಲ್ಲ, ಸುಮ್ನೆ ಕೇಳಿದೆ," ಎಂದು ಅವಸರ ಮಾಡಿದರು. ಕೆಳಗಿನ ಯಜಮಾನರು ಎದುರಾದಾಗ ಮುಖ ತಿರುಗಿಸತೊಡಗಿದರು. ಮನೆಯಲ್ಲಿ ಅಮ್ಮ ಈಗ ನಲ್ಲಿಯನ್ನು ಪೂರ್ತಿ ಬಿಡಬಹುದಿತ್ತು, ಬಿಡುತ್ತಿರಲಿಲ್ಲ. ಕೈಗೆ ಅಭ್ಯಾಸವಾಗಿಹೋಗಿತ್ತು.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಬ್ಯಾಂಕಿನಿಂದ ಕರೆ ಬಂತು. ಹೋದಾಗ ಸಾಲದ ಮೇಡಂ ಈ ಸಲವೂ ಕೂರಿಸಿದರು. "ಸ್ಯಾಂಕ್ಷನ್ ಆಗಿದೆ," ಎಂದರು. ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ. ಅವನು ಕೆಲಸದಿಂದ ನಿವೃತ್ತನಾಗುವ ತಿಂಗಳಿಗೆ ಕೊನೆಯ ಕಂತು. ಅವನಿಗೆ ಕೇಳಲು ಏನೇನೋ ಇತ್ತು. ಕೇಳುವ ಮೊದಲೇ ಕಾಗದಗಳ ಕಟ್ಟು ಮುಂದೆ ಬಂತು, ಮೇಡಂ ಬೆರಳಿಟ್ಟ ಕಡೆಯಲ್ಲೆಲ್ಲ ಸಹಿ ಹಾಕಿದ. ಹಾಕುತ್ತ ಹಾಕುತ್ತ ಅವನ ಸಹಿ ಅವನಿಗೇ ಗುರುತು ಸಿಗದ ಹಾಗಾಯಿತು. "ಒಂದೇ ಥರ ಹಾಕಿ, ಇಲ್ದಿದ್ರೆ ವಾಪಸ್ ಬರುತ್ತೆ," ಎಂದರು ಮೇಡಂ. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಹಾಕಿದ. ಎದ್ದಾಗ "ಒಳ್ಳೇದಾಗ್ಲಿ" ಎಂದರು. ಅಷ್ಟರಲ್ಲಿ ಅವರ ಕಣ್ಣು ಮುಂದಿನವರ ಮೇಲಿತ್ತು.

ಹೊರಗೆ ಬಂದು ನರ್ಸಮ್ಮನಿಗೆ ಹೇಳಿದ, ಹೆಂಡತಿಗೆ ಹೇಳಿದ. ಹೆಂಡತಿಯ ಕಡೆಯಿಂದ ಮೂಗೆಳೆದ ಸದ್ದು ಬಂತು. "ಕೌಂಟರಲ್ಲಿ ಜನ ಇದಾರೆ, ಇಡ್ತೀನಿ," ಎಂದಳು. ಖುಷಿಪಡಬೇಕೆಂದು ಅವನಿಗೂ ಗೊತ್ತಿತ್ತು. ಅದು ಎಲ್ಲೋ ದೂರದಲ್ಲಿತ್ತು. ಅಲ್ಲಿಯವರೆಗೆ ನಡೆದುಹೋಗಲು ಕಾಲಿರಲಿಲ್ಲ.

ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು. "ಆಯ್ತಮ್ಮ," ಎಂದ. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಮುಖದಲ್ಲಿ ಬಂದ ಬೆಳಕು ಅರ್ಧಕ್ಕೇ ನಿಂತಿತು.

"ಎಷ್ಟು ವರ್ಷ ಕಟ್ಬೇಕು?"

"ನಾನು ರಿಟೈರ್ ಆಗೋವರೆಗೆ."

ಅವಳು ಮನಸ್ಸಿನಲ್ಲೇ ಏನೋ ಎಣಿಸಿದಳು. "ಅಲ್ಲೀವರೆಗೆ ನಿಂತ್ಕೊಂಡೇ ಇರ್ಬೇಕಾ ನೀನು, ಆ ಹಬೇಲಿ?"

"ಮತ್ತೆ?"

"ಅಷ್ಟು ದಿನ ನಾನಿರಲ್ಲ ಬಿಡು."

"ಇರ್ತೀಯ," ಎಂದ ಅವನು ಗದರಿಸುವ ದನಿಯಲ್ಲಿ. "ಅರ್ಜೀಲಿ ನಾಲ್ಕು ಜನ ಅಂತ ಬರ್ದಿದೀನಿ. ನೀನು ಮಧ್ಯದಲ್ಲಿ ಹೊರಟ್ರೆ ಮತ್ತೆ ಹೆಲ್ಮೆಟ್ ಹಾಕ್ಕೊಂಡು ಬರ್ತಾನೆ."

ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ, ಕೆಳಗಿನ ಕಿಟಕಿಯವರೆಗೂ ಕೇಳುವಷ್ಟು ನಕ್ಕಳು. ಅವನೂ ನಗಬೇಕೆಂದುಕೊಂಡ. ಆದರೆ ಅಷ್ಟರಲ್ಲಿ ಗೋಡೆಗೊರಗಿ ಕೂತಾಗಿತ್ತು, ಬೂಟಿನ ಒಂದು ದಾರ ಬಿಚ್ಚಿಯಾಗಿತ್ತು, ಇನ್ನೊಂದು ಹಾಗೇ ಇತ್ತು.

"ನಾಳೆ ಬೆಳಗಿನ ಪಾಳಿ," ಎಂದ. "ಬೇಗ ಎಬ್ಬಿಸು."